ಮುಖ ತೋರಸ್ರಿ ಸಾರ್!

2025ರ ಜನವರಿ 16. ಬೆಳಗಿನ ಮೀಟಿಂಗ್ ಮುಗಿಸಿ ಕಾಫಿ ಹಿಡಿದು ಕೂತಿದ್ದೆ. ಫೋನು ಗುಂಯ್ ಅನ್ನಲು ಶುರುವಾಯಿತು. ಊರಿನ ಗ್ರೂಪು, ಬಿಇ ಬ್ಯಾಚಿನ ಗ್ರೂಪು, ಕೊನೆಗೆ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪು, ಎಲ್ಲ ಕಡೆ ಒಂದೇ ವಿಡಿಯೊ. ಬೀದರಿನ ಎಸ್‌ಬಿಐ ಮುಖ್ಯ ಶಾಖೆಯ ಮುಂದೆ, ಎಟಿಎಂಗೆ ದುಡ್ಡು ತುಂಬುವ ಸಿಬ್ಬಂದಿಯ ಮೇಲೆ ಬೈಕಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ, ಹಣದ ಪೆಟ್ಟಿಗೆಯನ್ನು ಅದೇ ಬೈಕಿನ ಮೇಲೆ ಹೇರಿಕೊಂಡು ಹೋಗಿದ್ದರು. ಒಬ್ಬ ಸಿಬ್ಬಂದಿ ತೀರಿಹೋದ, ಇನ್ನೊಬ್ಬ ಗಾಯಗೊಂಡ. ಅವತ್ತೇ ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿತು. ನಾನು ಹುಟ್ಟಿ ಬೆಳೆದ ಚಿದ್ರಿ ಈಗ ಬೀದರ ಸಿಟಿಯೊಳಗೇ ಸೇರಿಹೋಗಿದೆ. ಆ ಬ್ಯಾಂಕಿನ ಮುಂದಿನ ರಸ್ತೆ ನನಗೆ ಅಂಗೈಯಷ್ಟು ಪರಿಚಿತ. ಹೊಟ್ಟೆಯೊಳಗೆ ಕಲಸಿದಂತಾಯಿತು.

ಮೊದಲ ಸುದ್ದಿಯಲ್ಲಿ 93 ಲಕ್ಷ ಅಂತ ಬಂತು, ಆಮೇಲೆ 83 ಲಕ್ಷ ಅಂದರು. ಹಾಡಹಗಲೇ, ಜನರ ಕಣ್ಣೆದುರು ನಡೆದ ಘಟನೆಯ ಲೆಕ್ಕವೇ ಹೀಗೆ. ಇನ್ನು ಮುಖದ ಲೆಕ್ಕ ಕೇಳಬೇಡಿ. ಸಂಜೆಯೊಳಗೆ ನಮ್ಮ ಗ್ರೂಪಿಗೆ 'ಇವರೇ ಅವರು, ಎಲ್ಲರಿಗೂ ಕಳಿಸಿ' ಅಂತ ಮೂರು ಬೇರೆ ಬೇರೆ ಜೋಡಿ ಮುಖಗಳು ಬಂದಿದ್ದವು. ಮೂರನ್ನೂ ಒಬ್ಬನೇ ಗೆಳೆಯ ಕಳಿಸಿದ್ದ. ಕೆಳಗೆ ಕಾಮೆಂಟುಗಳು: 'ಎನ್‌ಕೌಂಟರ್ ಮಾಡ್ರಿ', 'ಕೋರ್ಟಿಗ್ ಹೋದ್ರ ಹೊರಗ ಬರ್ತಾರ'. ಮತ್ತು ಪೊಲೀಸರು ಯಾರನ್ನೇ ಹಿಡಿದು ಕಪ್ಪು ಬಟ್ಟೆ ಮುಸುಕು ಹಾಕಿ ಪ್ರೆಸ್‌ಮೀಟ್ ಮಾಡಿದಾಗೆಲ್ಲ ಬರುವ, ನಮಗೆಲ್ಲ ಬಾಯಿಪಾಠವಾದ ಆ ಮಾತು: 'ಮುಖ ಯಾಕ ಮುಚ್ಚೀರಿ, ತೋರಸ್ರಿ ಸಾರ್!'

ಆ ಮಾತಿನ ಬಗ್ಗೆಯೇ ನನ್ನ ತಕರಾರು. ದರೋಡೆ ಕೇಸುಗಳು ಮೇಲ್ಮನವಿಯಲ್ಲಿ ಬಿದ್ದುಹೋದಾಗ ನಾವು ಜಡ್ಜನ್ನು, ವಕೀಲರನ್ನು, 'ಸಿಸ್ಟಮ್ಮನ್ನು' ಬೈಯುತ್ತೇವೆ. ಆದರೆ ಆ ಕೇಸುಗಳಲ್ಲಿ ಎಷ್ಟೋ ಸಾಯುವುದು ಮೊದಲ ವಾರದಲ್ಲಿ, ಠಾಣೆಯಲ್ಲಿ, ಯಾರದೋ ಫೋನಿನ ಪರದೆಯ ಮೇಲೆ. ನಾವು ಚಪ್ಪಾಳೆ ತಟ್ಟುವುದು ಆ ಮೊದಲ ವಾರಕ್ಕೇ. ಹೈಕೋರ್ಟಿನಿಂದ ಬರುವುದು ಪೋಸ್ಟ್‌ಮಾರ್ಟಮ್ ವರದಿ ಅಷ್ಟೇ.

ನನಗೆ ಇದು ಪುಸ್ತಕ ಓದಿ ಗೊತ್ತಾಗಿದ್ದಲ್ಲ.

ನಮ್ಮ ಮೌಶಿ, ಅಂದರೆ ಅವ್ವನ ತಂಗಿ, ಭಾಲ್ಕಿ ಕಡೆಯ ಹಳ್ಳಿಯೊಂದರಲ್ಲಿ ಇರುತ್ತಾಳೆ. 2013ರ ಬೇಸಿಗೆಯಲ್ಲಿ ಮದುವೆ ಮುಗಿಸಿ, ಬಸ್ಸಿಳಿದು ಊರೊಳಗೆ ನಡೆದು ಹೋಗುತ್ತಿದ್ದಳು. ಹೊತ್ತು ಮುಳುಗಿತ್ತು. ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಚಾಕು ತೋರಿಸಿದ, ಇನ್ನೊಬ್ಬ ಕೊರಳಿಗೆ ಕೈ ಹಾಕಿ ಬೋರಮಾಳ ಕಿತ್ತ. ಮೌಶಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಅದು ಅಜ್ಜಿಯ ಬೋರಮಾಳ, ಮೂರು ತಲೆಮಾರಿನದು.

ಮೂರನೇ ದಿನ ಪೊಲೀಸರು ಮನೆಗೆ ಬಂದರು. ಯಾವ ಠಾಣೆ ಅನ್ನುವುದು ಬೇಡ. ಬಂದವರು ಒಳ್ಳೆಯವರೇ, ಚಹಾ ಕುಡಿದರು, ಸಮಾಧಾನ ಹೇಳಿದರು. ಹೋಗುವಾಗ ಒಬ್ಬರು ಫೋನು ತೆಗೆದು ಒಂದು ಫೋಟೊ ತೋರಿಸಿದರು. ಒಂದೇ ಒಂದು. 'ಇವನೇ ಏನ್ ನೋಡ್ರಿ ಅಮ್ಮಾ?' ಮೌಶಿ ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ, 'ಇದ್ದರೂ ಇರಬಹುದಪ್ಪಾ' ಅಂದಳಂತೆ. ಮುಂದೆ ಚಾರ್ಜ್‌ಶೀಟಿನಲ್ಲಿ ಆ 'ಇದ್ದರೂ ಇರಬಹುದು' ಎಂಬುದು 'ನಿಖರವಾಗಿ ಗುರುತಿಸಿರುತ್ತಾರೆ' ಆಗಿತ್ತು. ಆಮೇಲೆ ಒಂದು ದಿನ ಠಾಣೆಗೆ ಕರೆದಾಗ ಅದೇ ಹುಡುಗ ಬೆಂಚಿನ ಮೇಲೆ ಕೂತಿದ್ದ. ನಲವತ್ತು ದಿನ ಕಳೆದ ಮೇಲೆ ಜೈಲಿನಲ್ಲಿ ಗುರುತು ಪತ್ತೆ ಪರೇಡ್ ನಡೆಯಿತು. ಎಂಟು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಮೌಶಿ ನೇರ ಹೋಗಿ ಅವನ ಮುಂದೆ ನಿಂತಳು. ನಿಲ್ಲದೆ ಏನು ಮಾಡುತ್ತಾಳೆ? ಎಂಟು ಮುಖದಲ್ಲಿ ಅವಳು ಮೊದಲು ನೋಡಿದ್ದ ಮುಖ ಅದೊಂದೇ.

ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು. ಮಾರಕಾಸ್ತ್ರ ಬಳಸಿದ ದರೋಡೆಗೆ ಐಪಿಸಿ 397ರ ಪ್ರಕಾರ ಏಳು ವರ್ಷಕ್ಕಿಂತ ಕಡಿಮೆ ಕೊಡುವಂತಿಲ್ಲ, ಏಳು ವರ್ಷವೇ ಆಯಿತು. ಮನೆಯಲ್ಲಿ ಪೇಡಾ ಹಂಚಿದರು. ಮೇಲ್ಮನವಿಯಲ್ಲಿ ಅವನು ಖುಲಾಸೆಯಾದ. ಅಷ್ಟರಲ್ಲಿ ಹೆಚ್ಚುಕಡಿಮೆ ಐದು ವರ್ಷ ಒಳಗಿದ್ದ. ಅವತ್ತು ನಾನು ಫೇಸ್‌ಬುಕ್ಕಿನಲ್ಲಿ ಒಂದು ಪೋಸ್ಟ್ ಹಾಕಿದೆ, 'ಟೆಕ್ನಿಕಲ್ ಕಾರಣ ಹೇಳಿ ಕಳ್ಳನ್ನ ಬಿಟ್ಟರು' ಅಂತ. ಇನ್ನೂರು ಲೈಕು ಬಂದವು. ಮೌಶಿಗೆ ಫೋನು ಮಾಡಿ ರೇಗಾಡಿದೆ ಕೂಡ. ಯಾಕೆಂದರೆ ತೀರ್ಪಿನಲ್ಲಿ ಅವಳದೇ ಮಾತನ್ನು ಎತ್ತಿ ಹೇಳಿದ್ದರು. ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು, 'ಪೊಲೀಸರು ಮೊದಲೇ ಫೋಟೊ ತೋರಿಸಿದ್ದರಾ?' ಅಂತ ಕೇಳಿದ್ದರು. ಇವಳು 'ಹೌದ್ರಿ ಸಾಹೇಬ್ರ, ಮನೀಗೇ ಬಂದು ತೋರ್ಸಿದ್ರು' ಅಂದಿದ್ದಳು.

'ನೀ ಯಾಕ ಹಂಗಂದಿ ಮೌಶಿ?' ಅಂದೆ.

'ತೋರ್ಸಿದ್ರಲ್ಲೋ ತಮ್ಮಾ. ಸುಳ್ಳ್ ಹೇಳ್ಲಾ? ಅಂದು ಕತ್ತಲಾಗಿತ್ತು, ಅವ್ರು ಮಾರಿಗಿ ದಸ್ತಿ ಕಟ್ಟಿದ್ರು. ನಾ ಅವನ ಮಾರಿ ಚಂದಾಗಿ ನೋಡಿದ್ದು ಪೊಲೀಸ್ರ ಫೋನಿನ್ಯಾಗೇ.'

ಆ ವಾಕ್ಯ ಕೇಳಿದ ಮೇಲೆ ನಾನು ತೀರ್ಪು ಡೌನ್‌ಲೋಡ್ ಮಾಡಿ ಓದಿದೆ. ಪೋಸ್ಟ್ ಹಾಕುವ ಮೊದಲು ಓದಬೇಕಿತ್ತು, ಅದು ಬೇರೆ ಮಾತು. ಇಪ್ಪತ್ತೆರಡು ಪುಟ. ನಾವು ಕೋಡ್ ರಿವ್ಯೂ ಮಾಡುವಷ್ಟು ಶ್ರದ್ಧೆಯಿಂದ, ಸತ್ಯ ಹೇಳಬೇಕೆಂದರೆ ಅದಕ್ಕಿಂತ ಜಾಸ್ತಿ ಶ್ರದ್ಧೆಯಿಂದ, ಆ ಜಡ್ಜು ಪ್ರತಿ ಸಾಕ್ಷಿಯನ್ನೂ ನೋಡಿದ್ದರು.

ಗುರುತು ಪರೇಡ್ ಯಾಕೆ ಮಾಡುತ್ತಾರೆ ಅಂತ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಅದು ಶಿಕ್ಷೆ ಕೊಡುವ ಸಾಕ್ಷ್ಯವೇ ಅಲ್ಲ. ಕಾನೂನಿನ ಪ್ರಕಾರ ಮುಖ್ಯ ಸಾಕ್ಷ್ಯ ಅಂದರೆ ಸಾಕ್ಷಿ ಕೋರ್ಟಿನಲ್ಲಿ ನಿಂತು 'ಇವನೇ' ಅನ್ನುವುದು. ಆದರೆ ಕೋರ್ಟಿನಲ್ಲಿ ಕಟಕಟೆಯೊಳಗೆ ನಿಂತಿರುವುದು ಒಬ್ಬನೇ ತಾನೆ? ಅಲ್ಲಿ ಬೆರಳು ತೋರಿಸಲು ಕಣ್ಣೂ ಬೇಡ, ನೆನಪೂ ಬೇಡ. ಅದಕ್ಕೇ ಅಪರಿಚಿತರ ವಿಷಯದಲ್ಲಿ, ಘಟನೆಯಾದ ಕೂಡಲೇ, ಅವನಂತೆಯೇ ಕಾಣುವ ಬೇರೆಯವರ ನಡುವೆ ನಿಲ್ಲಿಸಿ, ಮ್ಯಾಜಿಸ್ಟ್ರೇಟರ ಎದುರು, ಪೊಲೀಸರನ್ನು ದೂರ ಇಟ್ಟು ಆ ನೆನಪನ್ನು ಪರೀಕ್ಷಿಸುತ್ತಾರೆ. ಪರೇಡ್ ಇಲ್ಲದೆ ಮೊದಲ ಸಲ ಕೋರ್ಟಿನಲ್ಲೇ ಅಪರಿಚಿತನನ್ನು ಗುರುತಿಸಿದರೆ ಅದಕ್ಕೆ ಬೆಲೆಯಿಲ್ಲ ಅಂತ ಸುಪ್ರೀಂ ಕೋರ್ಟು 1979ರಲ್ಲಿ, ಕೇರಳದ ಕಣ್ಣನ್ ಪ್ರಕರಣದಲ್ಲಿ ಹೇಳಿತು. 2003ರ ಮಲ್ಖಾನ್ ಸಿಂಗ್ ಪ್ರಕರಣದಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, ಪರೇಡ್ ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ನಂಬಿಕೆಗೆ ಯೋಗ್ಯವಾದ ಸಾಕ್ಷಿಯನ್ನು ತಳ್ಳಿಹಾಕಬೇಕಿಲ್ಲ ಅಂದಿತು. ಹಾಡಹಗಲು ಹತ್ತಿರದಿಂದ ಬಹಳ ಹೊತ್ತು ನೋಡಿದವರ ಮಾತು ಬೇರೆ, ಕತ್ತಲಲ್ಲಿ ದಸ್ತಿಯ ಮೇಲಿನ ಎರಡು ಕಣ್ಣು ನೋಡಿದವರ ಮಾತು ಬೇರೆ.

ಪೊಲೀಸರನ್ನು ದೂರ ಇಡಬೇಕೆನ್ನುವುದೂ ಹೊಸ ವಿಚಾರವೇನಲ್ಲ. 1951ರಲ್ಲಿ ಮುಂಬೈಯಲ್ಲಿ ಲಾಯ್ಡ್ಸ್ ಬ್ಯಾಂಕಿನ ಹಣ ದರೋಡೆಯಾಯಿತು. ಆ ಕೇಸಿನ ಮೇಲ್ಮನವಿಯಲ್ಲೇ ಸುಪ್ರೀಂ ಕೋರ್ಟು, ಪೊಲೀಸರ ಮುಂದೆ ಗುರುತಿಸಿದರೆ ಅದು ಪೊಲೀಸರಿಗೆ ಕೊಟ್ಟ ಹೇಳಿಕೆಯೇ ಆಗುತ್ತದೆ, ಸಾಕ್ಷ್ಯವಾಗಿ ನಡೆಯುವುದಿಲ್ಲ ಅಂತ ಸ್ಪಷ್ಟ ಮಾಡಿತು. ಎಪ್ಪತ್ತು ವರ್ಷದ ಹಿಂದಿನ ಮಾತಿದು.

ಈಗ ಆ ಕಪ್ಪು ಮುಸುಕಿಗೆ ಬನ್ನಿ. ಅದು ಕಳ್ಳನ ಮರ್ಯಾದೆ ಕಾಪಾಡಲು ಹಾಕಿದ್ದು ಅಂತ ನೀವು ಅಂದುಕೊಂಡಿದ್ದರೆ, ನಾನೂ ಹಾಗೇ ಅಂದುಕೊಂಡಿದ್ದೆ. ಉತ್ತರದ ಕೋರ್ಟುಗಳಲ್ಲಿ ಅದಕ್ಕೆ 'ಬಾಪರ್ದಾ' ಅಂತ ಹೆಸರೇ ಇದೆ. ಪರೇಡ್ ಮುಗಿಯುವವರೆಗೆ ಸಾಕ್ಷಿಯ ಕಣ್ಣಿಗೆ ಆರೋಪಿಯ ಮುಖ ಬೀಳಬಾರದು. ಬಿದ್ದರೆ ಪರೇಡ್ ಸತ್ತಿತು. ಅಂದರೆ 'ಮುಖ ತೋರಸ್ರಿ ಸಾರ್' ಅನ್ನುವವನು ಮತ್ತು ಠಾಣೆಯಿಂದ ಫೋಟೊ ಸೋರಿಸಿ 'ಇವರೇ ಅವರು' ಅಂತ ಗ್ರೂಪಿಗೆ ಹಾಕುವವನು ಇಬ್ಬರೂ ಆರೋಪಿ ಪರ ವಕೀಲರಿಗೆ ಪುಕ್ಕಟೆ ಕೆಲಸ ಮಾಡಿಕೊಡುತ್ತಿದ್ದಾರೆ. ಆರೋಪಿ ನಿಜವಾದ ಕಳ್ಳನಾಗಿದ್ದರೆ ಅವನು ಹೊರಗೆ ಬರುವ ಬಾಗಿಲು ಅದೇ. ಅಲ್ಲದಿದ್ದರೆ, ಅಮಾಯಕನೊಬ್ಬ ಒಳಗೆ ಹೋಗುವ ಬಾಗಿಲೂ ಅದೇ.

ಇಷ್ಟು ಹೇಳಿದರೆ ಗೆಳೆಯರು ಕೇಳುವ ಪ್ರಶ್ನೆ ಒಂದಿದೆ: 'ಹೆಣ್ಣುಮಗಳು ಕಣ್ಣಾರೆ ನೋಡಿ ಹೇಳುವಾಗ ಸುಳ್ಳ್ಯಾಕ ಹೇಳ್ತಾಳ?' ಸುಳ್ಳು ಹೇಳುವುದಿಲ್ಲ ಮಾರಾಯರೆ. ಅದೇ ತೊಂದರೆ. ಸುಳ್ಳು ಹೇಳುವವರನ್ನು ಪಾಟೀಸವಾಲಿನಲ್ಲಿ ಹಿಡಿಯಬಹುದು, ನಂಬಿಕೊಂಡು ತಪ್ಪು ಹೇಳುವವರನ್ನು ಹಿಡಿಯುವುದು ಹೇಗೆ? ಲಂಡನ್ನಿನಲ್ಲಿ 1896ರಲ್ಲಿ ಅಡಾಲ್ಫ್ ಬೆಕ್ ಅನ್ನುವವನನ್ನು ಹತ್ತಕ್ಕೂ ಹೆಚ್ಚು ಹೆಂಗಸರು 'ನಮ್ಮ ಒಡವೆ ಲಪಟಾಯಿಸಿದವನು ಇವನೇ' ಅಂತ ಗುರುತಿಸಿದರು. ಏಳು ವರ್ಷ ಶಿಕ್ಷೆಯಾಯಿತು. ಹೊರಗೆ ಬಂದ ಮೇಲೆ 1904ರಲ್ಲಿ ಮತ್ತೆ ಬೇರೆ ಹೆಂಗಸರು ಅವನನ್ನೇ ಗುರುತಿಸಿದರು, ಮತ್ತೆ ತಪ್ಪಿತಸ್ಥ ಅಂತಾಯಿತು. ಶಿಕ್ಷೆ ಹೇಳುವ ಮೊದಲೇ ಅಸಲಿ ವಂಚಕ ಸಿಕ್ಕಿಬಿದ್ದ. ಅಷ್ಟೂ ಹೆಂಗಸರು ಪ್ರಾಮಾಣಿಕರೇ ಆಗಿದ್ದರು. ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿಗೆಂದೇ ಒಂದು ಕೋರ್ಟು 1907ರಲ್ಲಿ ಹುಟ್ಟಿದ್ದಕ್ಕೆ ಬೆಕ್‌ನ ಪ್ರಕರಣ ದೊಡ್ಡ ಕಾರಣ. ನಾವು 'ಕಳ್ಳರಿಗೆ ಎಷ್ಟು ಅಪೀಲು' ಅಂತ ಗೊಣಗುವ ಆ ಅಪೀಲಿನ ಬೇರಿಗೇ ತಪ್ಪು ಗುರುತಿಸುವಿಕೆಯ ಕಥೆ ಅಂಟಿಕೊಂಡಿದೆ.

ಇನ್ನೊಂದು ಮಾತು, ನಮ್ಮ ಬೀದರಿಗೇ ಸಂಬಂಧಿಸಿದ್ದು. ಎಲ್ಲೋ ದೂರದ ಊರಿನಲ್ಲಿ ಸರಗಳ್ಳತನವಾದರೂ ಬೀದರಿನ ಇರಾನಿ ಗಲ್ಲಿಯ ಹೆಸರು ಸುದ್ದಿಗೆ ಬಂದುಬಿಡುತ್ತದೆ. ಅಲ್ಲಿ ಕಳವು ಮಾಡಿದವರು ಯಾರೂ ಇಲ್ಲ ಅಂತ ನಾನು ವಕಾಲತ್ತು ಹಾಕುತ್ತಿಲ್ಲ. ಆದರೆ ಠಾಣೆಯ ಫೋನಿನಲ್ಲಿ ಒಂದೇ ಗಲ್ಲಿಯ, ಒಂದೇ ತಾಂಡಾದ, ಒಂದೇ ಜಾತಿಯ ಫೋಟೊಗಳಿದ್ದರೆ ಸಾಕ್ಷಿ ಬೇರೆ ಯಾರನ್ನು ಗುರುತಿಸಲು ಸಾಧ್ಯ? ನಾವು ಫಾರ್ಮ್ ಮಾಡುವಾಗ ಡ್ರಾಪ್‌ಡೌನಿನಲ್ಲಿ 'ಇವು ಯಾವುವೂ ಅಲ್ಲ' ಅನ್ನುವ ಆಯ್ಕೆ ಬಿಟ್ಟರೆ ಟೆಸ್ಟರ್ ಅದನ್ನು ದೋಷ ಅಂತ ಬರೆಯುತ್ತಾನೆ. ಇಲ್ಲಿ ಅದಕ್ಕೆ ಪತ್ತೆಕಾರ್ಯ ಅನ್ನುತ್ತೇವೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿ, ವಿಜಯಪುರದಲ್ಲಿ ಆ ಕಾಯ್ದೆಯ ಕಾಲದ ಸೆಟ್ಲಮೆಂಟುಗಳಿದ್ದವು ಅಂತ ನಮ್ಮ ಹಿರಿಯರಿಗೆ ಗೊತ್ತು. ಕಾಯ್ದೆ ಹೋಗಿದೆ, ಫೋಟೊ ಆಲ್ಬಮ್ ಹೋಗಿಲ್ಲ.

ಸರಿ, ಮುಖ ಬಿಡಿ. ಮಾಲು ಸಿಕ್ಕಿತ್ತಲ್ಲ?

ಸಿಕ್ಕಿತ್ತು. ಮೌಶಿಯ ಬೋರಮಾಳ ಸರಾಫನೊಬ್ಬನ ಅಂಗಡಿಯಲ್ಲಿ ಸಿಕ್ಕಿತು ಅಂತ ಪಂಚನಾಮೆ ಹೇಳುತ್ತಿತ್ತು. ಕೋರ್ಟಿನಲ್ಲಿ ಮುದ್ದೆಮಾಲಿನ ಪೊಟ್ಟಣ ಬಿಚ್ಚಿದಾಗ ಮೌಶಿ ಅದನ್ನು ಕೈಗೆ ತಗೊಂಡು, ಕಣ್ಣಿಂದ ನೋಡುವ ಮೊದಲೇ ಬೆರಳಿಂದ ಎಣಿಸಿ, ಕೊಂಡಿಯಿಂದ ಮೂರನೇ ಗುಂಡಿನ ನೆಗ್ಗು ತೋರಿಸಿದಳು. ಅದು ನಾನು ಹಲ್ಲು ಬರುವಾಗ ಕಚ್ಚಿ ಮಾಡಿದ ನೆಗ್ಗು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಈ ಗುರುತಿಸುವಿಕೆಯನ್ನು ಯಾವ ಕೋರ್ಟೂ ಅನುಮಾನಿಸಲಿಲ್ಲ. ಅನುಮಾನಿಸಬೇಕಾಗಿಯೂ ಇಲ್ಲ. ನಮ್ಮ ರಾಜ್ಯದ್ದೇ ಒಂದು ಹಳೆಯ ಪ್ರಕರಣವಿದೆ, 1983ರ ಈರಭದ್ರಪ್ಪ ಪ್ರಕರಣ. ಸುಳ್ಳು ಹೆಸರು ಹೇಳಿ ಮನೆಗೆಲಸಕ್ಕೆ ಸೇರಿದವನೊಬ್ಬ ಮನೆಯ ಹೆಣ್ಣುಮಗಳನ್ನು ಕೊಂದು ಬಂಗಾರ ಕದ್ದು ಓಡಿಹೋಗಿದ್ದ. ಸುಮಾರು ಒಂದು ವರ್ಷದ ನಂತರ ಸಿಕ್ಕ, ಅವನು ತೋರಿಸಿದ ಕಡೆ ಒಡವೆ ಸಿಕ್ಕವು. ಒಡವೆಗಳಿಗೆ ಮೊದಲೇ ಪರೇಡ್ ಮಾಡಿಸಿಲ್ಲವಲ್ಲ ಅನ್ನುವ ವಾದಕ್ಕೆ ಸುಪ್ರೀಂ ಕೋರ್ಟು, ಅಂಥ ಕಡ್ಡಾಯವೇನೂ ಇಲ್ಲ, ಹೆಂಗಸರಿಗೆ ತಮ್ಮ ದಿನಬಳಕೆಯ ವಸ್ತು ಗುರುತಿಸುವ ವಿಚಿತ್ರ ಶಕ್ತಿಯೇ ಇರುತ್ತದೆ ಎಂಬರ್ಥದ ಮಾತು ಹೇಳಿತು. ಶಿಕ್ಷೆ ಎತ್ತಿಹಿಡಿಯಿತು, ಗಲ್ಲನ್ನು ಮಾತ್ರ ಜೀವಾವಧಿಗೆ ಇಳಿಸಿತು. ಮೌಶಿಗೆ ಆ ತೀರ್ಪು ಓದಿ ಹೇಳಿದಾಗ, 'ಅದೇನು ಹೇಳೂ ಮಾತೇನು? ಅವ್ರ ಮನ್ಯಾಗ ಹೆಂಗಸ್ರಿಲ್ಲೇನು?' ಅಂದಳು.

ಹಾಗಾದರೆ ನಮ್ಮ ಕೇಸು ಬಿದ್ದದ್ದೆಲ್ಲಿ? ಬೋರಮಾಳ ಮೌಶಿಯದು ಅನ್ನುವುದು ಗಟ್ಟಿಯಾಯಿತು. ಅದು ಆ ಹುಡುಗನ ಕೈಯಲ್ಲಿ ಇತ್ತು ಅನ್ನುವುದು ಗಟ್ಟಿಯಾಗಲಿಲ್ಲ. ಇವೆರಡರ ನಡುವಿನ ದಾರಿಯನ್ನು ನಾವು ಯೋಚಿಸುವುದೇ ಇಲ್ಲ. ಪ್ರೆಸ್‌ಮೀಟಿನ ಮೇಜಿನ ಮೇಲೆ ಬಂಗಾರ ಸಾಲಾಗಿ ಇಟ್ಟಿರುತ್ತಾರೆ, ಹಿಂದೆ ಮುಸುಕಿನವರು ನಿಂತಿರುತ್ತಾರೆ. ಬಂಗಾರಕ್ಕೂ ಅವರಿಗೂ ನಂಟು ಕಟ್ಟುವುದು ನಮ್ಮ ಕಣ್ಣು. ಕೋರ್ಟಿನಲ್ಲಿ ಆ ನಂಟನ್ನು ಕಾಗದದಲ್ಲಿ ಕಟ್ಟಬೇಕು.

ಆ ಕಾಗದದ ಹೆಸರು 'ಸ್ವ-ಇಚ್ಛಾ ಹೇಳಿಕೆ'. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಸಾಕ್ಷ್ಯ ಕಾಯ್ದೆಯ 27ನೇ ಕಲಮು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇದರಲ್ಲಿ ಸೇರಿದೆ, ಒಂದು ಸಣ್ಣ ಕಿಂಡಿ ಬಿಟ್ಟಿದೆ: ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ, ಪತ್ತೆಗೆ ಕಾರಣವಾದ ಅಷ್ಟು ಭಾಗ ಮಾತ್ರ ನಡೆಯುತ್ತದೆ. 'ನಾನು ಆ ಅಮ್ಮನ ಸರ ಕಿತ್ತೆ, ಬಾವಿಯ ಹತ್ತಿರ ಹೂತಿದ್ದೇನೆ, ತೋರಿಸುತ್ತೇನೆ' ಅಂದರೆ 'ಬಾವಿಯ ಹತ್ತಿರ' ನಡೆಯುತ್ತದೆ, 'ಕಿತ್ತೆ' ನಡೆಯುವುದಿಲ್ಲ. ಪ್ರಿವಿ ಕೌನ್ಸಿಲ್ 1946ರಷ್ಟು ಹಿಂದೆ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಹಾಕಿದ ಗೆರೆ ಇದು. ಮೌಶಿಯ ಕೇಸಿನ ಕಾಗದದಲ್ಲಿ 'ನನ್ನನ್ನು ಕರೆದುಕೊಂಡು ಹೋದಲ್ಲಿ ಸ್ಥಳವನ್ನು ತೋರಿಸಿಕೊಡುತ್ತೇನೆ' ಅನ್ನುವ ಸಾಲು ಇತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ ಇಷ್ಟು ಚಂದದ ಗ್ರಾಂಥಿಕ ಕನ್ನಡ ಆಡುತ್ತಾನೆಯೇ? ಅದು ಟೆಂಪ್ಲೇಟು. ಹೆಸರು, ದಿನಾಂಕ ಬದಲಿಸಿ ಕಾಪಿ-ಪೇಸ್ಟ್.

ಪಂಚರಿಬ್ಬರಲ್ಲಿ ಒಬ್ಬ, 'ಠಾಣೆಗೆ ಕರೆದರು, ಸಹಿ ಮಾಡಂದ್ರು, ಮಾಡಿದೆ' ಅಂದ. ಇನ್ನೊಬ್ಬ ಅದೇ ಠಾಣೆಯ ಬೇರೆ ಕೇಸುಗಳಲ್ಲೂ ಪಂಚನಾಗಿದ್ದವನು. ಸರಾಫನನ್ನು ಸಾಕ್ಷಿಯಾಗಿ ಕರೆಸಲೇ ಇಲ್ಲ. ಅಂಗಡಿಯ ರಿಜಿಸ್ಟರ್, ರಸೀದಿ ಯಾವುದೂ ಇಲ್ಲ. ಹುಡುಗ ಮಾರಿದ್ದನೋ, ಬೇರೆ ಯಾರೋ ಮಾರಿದ್ದರೋ ಹೇಳುವವರಿಲ್ಲ. 2022ರಲ್ಲಿ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಅನ್ನುವ ಕೊಲೆ ಪ್ರಕರಣದ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿದೆ: ಪಂಚರನ್ನು ಮೊದಲು ಕರೆಸಬೇಕು, ಅವರ ಎದುರಿಗೇ ಆರೋಪಿ ಹೇಳಬೇಕು, ಅವನು ಆಡಿದ ಮಾತನ್ನೇ ತನಿಖಾಧಿಕಾರಿ ಕೋರ್ಟಿನಲ್ಲಿ ರುಜುವಾತು ಮಾಡಬೇಕು. ಅದಾಗದೆ ಆರೋಪಿ ಬಿಡುಗಡೆಯಾದ. ಇದು 'ಟೆಕ್ನಿಕಲ್' ಅಂತ ನಿಮಗೆ ಅನ್ನಿಸಿದರೆ, ನಿಮ್ಮ ಆಫೀಸಿನಲ್ಲಿ ಆಡಿಟ್ ಲಾಗ್ ಇಲ್ಲದೆ 'ಈ ಡಿಲೀಟ್ ಮಾಡಿದ್ದು ನೀನೇ' ಅಂತ ನಿಮ್ಮನ್ನು ಮನೆಗೆ ಕಳಿಸಿದರೆ ಏನನ್ನುತ್ತೀರಿ ಯೋಚಿಸಿ.

ಕದ್ದ ಮಾಲು ಕಳವಾದ ಸ್ವಲ್ಪ ದಿನದಲ್ಲೇ ಒಬ್ಬನ ಹತ್ತಿರ ಸಿಕ್ಕು, ಅವನು ಲೆಕ್ಕ ಕೊಡದಿದ್ದರೆ, ಅವನೇ ಕಳ್ಳ ಇಲ್ಲವೇ ಕದ್ದ ಮಾಲು ಅಂತ ಗೊತ್ತಿದ್ದೂ ಇಟ್ಟುಕೊಂಡವನು ಅಂತ ಕೋರ್ಟು ಊಹಿಸಬಹುದು. ಊಹಿಸಲೇಬೇಕು ಅಂತಿಲ್ಲ. ಮಾಲು ಸಿಕ್ಕ ಮಾತ್ರಕ್ಕೆ ಕೊಲೆಯನ್ನೂ ಅವನ ಕೊರಳಿಗೆ ಕಟ್ಟುವಂತಿಲ್ಲ ಅಂತ ಸಾಂವತ್ ಖಾನ್ ತೀರ್ಪು ಹೇಳುತ್ತದೆ. ಬೀದರಿನ ಹಣದ ಪೆಟ್ಟಿಗೆಯ ಕೇಸಿನಲ್ಲಿ ಇದು ಇನ್ನೂ ಕಷ್ಟ. ನೋಟಿಗೆ ಮೂರನೇ ಗುಂಡಿನ ನೆಗ್ಗು ಇರುವುದಿಲ್ಲ. ಬ್ಯಾಂಕಿನ ಪಟ್ಟಿ, ಸೀಲು, ನಂಬರಿನ ಸರಣಿ ಇವಿಷ್ಟೇ ಗತಿ. ಪಟ್ಟಿ ಹರಿದು ಎಸೆದರೆ 500ರ ನೋಟು ಯಾರದು ಅಂತ ಯಾವ ಮೌಶಿಯೂ ಹೇಳಲಾರಳು. ಅಂಥ ಕಡೆ ಮುಖದ ಸಾಕ್ಷ್ಯವನ್ನು ಮೊದಲ ದಿನವೇ ಕೆಡಿಸಿದರೆ ಉಳಿಯುವುದೇನು?

2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಶೋಧನೆ, ಜಪ್ತಿಯನ್ನು ವಿಡಿಯೊ ಮಾಡಬೇಕು ಅಂತಿದೆ, ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು. ಒಳ್ಳೆಯದೇ. ಆದರೆ ವಿಡಿಯೊ ಶುರುವಾಗುವ ಮೊದಲೇ ಮಾಲು ಅಲ್ಲಿ ಬಂದು ಕೂತಿತ್ತೋ ಅನ್ನುವುದನ್ನು ವಿಡಿಯೊ ಹೇಳುವುದಿಲ್ಲ. ಅದಕ್ಕಿಂತ ಸಣ್ಣ ಕೆಲಸವೊಂದಿದೆ, ಕ್ಯಾಮೆರಾವನ್ನು ಸಾಕ್ಷಿಯ ಕಡೆ ತಿರುಗಿಸುವುದು. ಮೌಶಿ ಮೊದಲ ದಿನ ಏನಂದಳು, 'ಇರಬಹುದು' ಅಂದಳೋ 'ಇವನೇ' ಅಂದಳೋ, ಅದು ಅವಳ ದನಿಯಲ್ಲೇ ಉಳಿದಿದ್ದರೆ ಐದು ವರ್ಷ ಯಾರೂ ಒಳಗಿರಬೇಕಾಗಿರಲಿಲ್ಲ. ಪೊಲೀಸರು ಬೇರೆ ದಾರಿ ಹುಡುಕುತ್ತಿದ್ದರು, ಸರಾಫನನ್ನು ಗಟ್ಟಿಯಾಗಿ ಕೇಳುತ್ತಿದ್ದರು. ಮೌಶಿಯ ಮಣಿಕಟ್ಟು ಮುರಿದವನು ಸಿಗುತ್ತಿದ್ದನೋ ಏನೋ. ಈಗಂತೂ ಅವನನ್ನು ಯಾರೂ ಹುಡುಕುತ್ತಿಲ್ಲ. ಫೈಲು ಮುಚ್ಚಿದೆ.

'ನಿನ್ನ ಮನೆಯವರಿಗೆ ಆಗಿದ್ದರೆ ಹೀಗೆ ಬರೀತಿದ್ದೆಯಾ?' ಅಂತ ಕೇಳುವವರಿಗೆ: ಆಗಿದೆ, ಅದಕ್ಕೇ ಬರೆದೆ.

ಜನವರಿ 16ರ ರಾತ್ರಿ ಊರಿನ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಈ ಮೂರು ಜೋಡಿ ಫೋಟೊ ಡಿಲೀಟ್ ಮಾಡ್ರಿ, ಬ್ಯಾಂಕಿನ ಮುಂದೆ ನಿಂತು ನೋಡಿದವರು ನಮ್ಮ ಗ್ರೂಪಿನಲ್ಲೇ ಇರಬಹುದು, ನಾಳೆ ಅವರೇ ಸಾಕ್ಷಿ ಹೇಳಬೇಕಾಗಬಹುದು ಅಂತ. ಒಬ್ಬ ನಗುವ ಇಮೋಜಿ ಹಾಕಿದ. ಇನ್ನೊಬ್ಬ, 'ಬೆಂಗ್ಳೂರಾಗ್ ಕುಂತು ಕಳ್ಳರ ವಕೀಲಿ ಮಾಡ್ತೀಯೇನು?' ಅಂದ. ಇಬ್ಬರು ಮಾತ್ರ ಡಿಲೀಟ್ ಮಾಡಿದರು. ಮೂರೂ ಜೋಡಿ ಕಳಿಸಿದ್ದ ಗೆಳೆಯ ಮರುದಿನ ಬೆಳಿಗ್ಗೆ ನಾಲ್ಕನೇ ಜೋಡಿ ಕಳಿಸಿದ.